ಕುದುರೆ ಬರೋ ಜಾಗ

ಓಡೋ ಮಗು, ಹಾರೋ ಹಕ್ಕಿ ಇವಕ್ಕೆ ಫೋಕಸ್ ಮಾಡೋದು ಹೇಗೆ ಅಂತ ಹೊಸದಾಗಿ ಕ್ಯಾಮೆರಾ ಕೊಂಡ ಗೆಳೆಯರು ಕೇಳ್ತಾ ಇರ್ತಾರೆ. ನಾನು ಸೆಟ್ಟಿಂಗ್ ಹೇಳೋ ಮೊದಲು ಒಂದು ಕುದುರೆಯ ಕಥೆ ಹೇಳ್ತೀನಿ.

1878ರ ಜೂನ್, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ. ಎಡ್ವರ್ಡ್ ಮೈಬ್ರಿಜ್ ಸಾಲಾಗಿ 12 ಕ್ಯಾಮೆರಾ ಇಟ್ಟು, ಓಟದ ಹಾದಿಗೆ ಅಡ್ಡಲಾಗಿ ದಾರ ಕಟ್ಟಿದ್ದ. ಕುದುರೆ ಒಂದೊಂದೇ ದಾರಕ್ಕೆ ತಾಗಿದಂತೆ ಒಂದೊಂದು ಶಟರ್ ತೆರೆದುಕೊಂಡಿತು. ಓಡುವಾಗ ಕುದುರೆಯ ನಾಲ್ಕೂ ಕಾಲು ಒಮ್ಮೆ ನೆಲ ಬಿಡುತ್ತವೆ ಅನ್ನೋದು ಸಾಬೀತಾಯ್ತು. ಎಲ್ಲರೂ ಅಲ್ಲಿ ಶಟರಿನ ವೇಗವನ್ನು ಹೊಗಳ್ತಾರೆ. ನನಗೆ ಮುಖ್ಯ ಅನಿಸೋದು ಬೇರೆ: ಕುದುರೆ ಎಷ್ಟು ದೂರದಲ್ಲಿ ಹಾದುಹೋಗುತ್ತೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಫೋಕಸ್ ಕುದುರೆಯ ಬೆನ್ನು ಹತ್ತಲಿಲ್ಲ, ಅದು ಬರೋ ಜಾಗದಲ್ಲಿ ಕಾದು ಕೂತಿತ್ತು.

ಮುಂದಿನ ನೂರು ವರ್ಷ ಕ್ರೀಡಾ ಛಾಯಾಗ್ರಾಹಕರ ಹತ್ತಿರ ಇದ್ದದ್ದೂ ಎರಡೇ ದಾರಿ. ಹೀಗೆ ಕಾಯೋದು, ಇಲ್ಲವೇ ಬೆರಳಲ್ಲಿ ಲೆನ್ಸಿನ ಉಂಗುರ ತಿರುಗಿಸುತ್ತಾ ಹಿಂಬಾಲಿಸೋದು.

1977ರಲ್ಲಿ ಕೋನಿಕಾ ಸಿ35 ಎಎಫ್ ಬಂತು. ತಾನೇ ಫೋಕಸ್ ಮಾಡಿಕೊಳ್ಳುವ, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಕ್ಯಾಮೆರಾ. ಅದರೊಳಗಿದ್ದದ್ದು ಅಮೆರಿಕದ ಹನಿವೆಲ್ ಕಂಪನಿಯ ಬಿಡಿಭಾಗ. 1985ರಲ್ಲಿ ಮಿನೋಲ್ಟಾ 7000 ಈ ಸೌಲಭ್ಯವನ್ನು ಎಸ್‌ಎಲ್‌ಆರ್ ಕ್ಯಾಮೆರಾದ ಒಡಲಿಗೇ ಸೇರಿಸಿತು. ಪೇಟೆಂಟ್ ನಮ್ಮದು ಅಂತ ಹನಿವೆಲ್ ಕೋರ್ಟಿಗೆ ಹೋಯ್ತು. 1992ರಲ್ಲಿ ಮಿನೋಲ್ಟಾ 12.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಫೋಕಸ್ಸಿಗೆ ಅಷ್ಟು ಬೆಲೆ!

ಆದರೂ ಚಲಿಸುವ ವಸ್ತುವಿನ ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಎಸ್‌ಎಲ್‌ಆರ್‌ನಲ್ಲಿ ಬಟನ್ ಒತ್ತಿದ ಮೇಲೆ ಕನ್ನಡಿ ಮೇಲೇಳಬೇಕು, ಆಮೇಲೆ ಶಟರ್ ತೆರೀಬೇಕು. ಅದಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿದರೂ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರು ಬರುವ ಬೈಕ್ ಅಷ್ಟರಲ್ಲಿ 80 ಸೆಂ.ಮೀ. ದಾಟಿರುತ್ತೆ. ಅದಕ್ಕೇ 1980ರ ದಶಕದ ಕೊನೆಯ ಕ್ಯಾಮೆರಾಗಳು ಊಹಿಸೋದನ್ನು ಕಲಿತವು. ದೂರವನ್ನು ಮತ್ತೆ ಮತ್ತೆ ಅಳೆದು, ವೇಗ ಲೆಕ್ಕ ಹಾಕಿ, ಶಟರ್ ತೆರೆಯುವ ಹೊತ್ತಿಗೆ ವಸ್ತು ಎಲ್ಲಿರುತ್ತೋ ಅಲ್ಲಿಗೆ ಲೆನ್ಸನ್ನು ಸರಿಸೋದು. ಅಂದ್ರೆ ಮತ್ತೆ ಮೈಬ್ರಿಜ್‌ನ ಉಪಾಯವೇ! 2017ರ ಸೋನಿ ಎ9 ಈ ಲೆಕ್ಕವನ್ನು ಸೆಕೆಂಡಿಗೆ 60 ಸಲದವರೆಗೆ ಮಾಡುತ್ತೆ.

ಹಾಗಾದ್ರೆ ನಮಗೇನು ಉಳೀತು? ಯಂತ್ರದ ಊಹೆ ನಿಂತಿರೋದು ಇಲ್ಲಿಯವರೆಗಿನ ಚಲನೆಯ ಮೇಲೆ. ಫುಟ್‌ಬಾಲ್ ಆಟಗಾರ ತಟ್ಟನೆ ತಿರುಗಿದಾಗ ಆ ಲೆಕ್ಕ ತಪ್ಪಬಹುದು. ಅವನು ಯಾವ ಕಡೆ ತಿರುಗ್ತಾನೆ ಅಂತ ಮೊದಲೇ ಹೊಳೆಯೋದು ಆಟ ನೋಡಿ ಗೊತ್ತಿದ್ದವರಿಗೆ.

ಈಗ ಸೆಟ್ಟಿಂಗ್ ಹೇಳ್ತೀನಿ: ಕಂಟಿನ್ಯೂಯಸ್ ಫೋಕಸ್ ಹಾಕಿ, ಬಟನ್ ಅರ್ಧ ಒತ್ತಿ ಹಿಡಿದು ಹಕ್ಕಿಯ ಜೊತೆಗೇ ತಿರುಗಿ. ಆದರೆ ಅದಕ್ಕೂ ಮೊದಲು ಹತ್ತು ನಿಮಿಷ ಕ್ಯಾಮೆರಾ ಕೆಳಗಿಟ್ಟು, ಅದು ಯಾವ ಕೊಂಬೆಗೆ ಮರಳಿ ಬರುತ್ತೆ ಅಂತ ಸುಮ್ಮನೆ ನೋಡಿ.