ಟೈರು ಸವೆದ ಚರಿತ್ರೆ

ಹಾರ್ಲೆ ಡೇವಿಡ್‌ಸನ್‌ನಂತಹ ಕ್ರೂಸರ್ ಬೈಕುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಬೇಗ ಸವೆಯುತ್ತದೆ. ಎಂಜಿನ್ನಿನ ಬಲವನ್ನು ರಸ್ತೆಗೆ ದಾಟಿಸುವುದು ಆ ಚಕ್ರ. ಸವಾರನ ಭಾರವೂ ಹೆಚ್ಚಾಗಿ ಅದರ ಮೇಲೆಯೇ. ನೇರ ಹೆದ್ದಾರಿಯಲ್ಲೇ ಓಡಿದ ಟೈರಿನ ನಡುಭಾಗ ಚಪ್ಪಟೆಯಾಗಿ, ಅಂಚುಗಳು ಹೊಸದರಂತೆ ಉಳಿಯುತ್ತವೆ. ವೇಗ ಹೆಚ್ಚಿದಷ್ಟೂ ಟೈರು ಕಾದು ಸವೆತವೂ ಹೆಚ್ಚುತ್ತದೆ.

ಇವತ್ತು ಇದು ಸವಾರನ ಜೇಬಿನ ಚಿಂತೆ. 1942ರಲ್ಲಿ ಅಮೆರಿಕ ಸರ್ಕಾರದ ಚಿಂತೆಯಾಗಿತ್ತು. ಮಲಯ, ಡಚ್ ಈಸ್ಟ್ ಇಂಡೀಸ್ ಜಪಾನಿನ ವಶವಾಗಿ, ಅಮೆರಿಕಕ್ಕೆ ಬರುತ್ತಿದ್ದ ನೈಸರ್ಗಿಕ ರಬ್ಬರಿನಲ್ಲಿ ಸುಮಾರು ಶೇ. 90ರಷ್ಟು ನಿಂತುಹೋಯಿತು. ಟೈರುಗಳಿಗೆ ಪಡಿತರ ಬಂತು. ವೇಗದ ಮಿತಿ ಗಂಟೆಗೆ 35 ಮೈಲಿಗೆ ಇಳಿಯಿತು. ಆ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಪೆಟ್ರೋಲ್ ಪಡಿತರ ವಿಧಿಸಿದ್ದರ ಮುಖ್ಯ ಉದ್ದೇಶವೂ ಜನರ ಓಡಾಟ ತಗ್ಗಿಸಿ ರಬ್ಬರ್ ಉಳಿಸುವುದೇ.

ಅತ್ತ ಮಲಯದ ತೋಟಗಳಲ್ಲಿ ರಬ್ಬರ್ ಹಾಲು ಇಳಿಸುತ್ತಿದ್ದವರಲ್ಲಿ ದಕ್ಷಿಣ ಭಾರತದಿಂದ ಹೋದ ತಮಿಳು ಕೂಲಿಗಳು ಬಹಳ. ಅವರಲ್ಲಿ ಸಾವಿರಾರು ಜನರನ್ನು ಜಪಾನಿ ಸೇನೆ ಸಯಾಮ್–ಬರ್ಮಾ ರೈಲುಹಾದಿಯ ಕೆಲಸಕ್ಕೆ ಎಳೆದೊಯ್ದಿತು. ಹಸಿವಿನಿಂದ, ಕಾಲರಾದಿಂದ ಸತ್ತವರಿಗೆ ಲೆಕ್ಕವಿಲ್ಲ.

ಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಉಳಿದ ಹಾರ್ಲೆಗಳು ಅಗ್ಗದ ಬೆಲೆಗೆ ನಾಗರಿಕರ ಕೈಸೇರಿದವು. ಕೃತಕ ರಬ್ಬರ್ ಧಾರಾಳವಾಯಿತು. 1956ರ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳು ದೇಶದುದ್ದಕ್ಕೂ ಚಾಚಿದವು. ತೆರೆದ ರಸ್ತೆಯ ಸವಾರಿ ಸ್ವಾತಂತ್ರ್ಯದ ಇನ್ನೊಂದು ಹೆಸರಾಯಿತು.

ಟೈರಿನ ಆಯಸ್ಸನ್ನು ನಾವು ಮೈಲಿಗಳಲ್ಲಿ ಅಳೆಯುತ್ತೇವೆ. ಅದರ ಚರಿತ್ರೆಯನ್ನು ಮಾತ್ರ, ರಬ್ಬರ್ ಮರಗಳಡಿ ಜೀವ ತೇದವರಿಂದಲೇ ಶುರುಮಾಡಬೇಕು ಎಂದು ನನಗನ್ನಿಸುತ್ತದೆ.