ತಾಂಡಾದ ದುಡಿಮೆ, ತಾಂಡಾದ ರಾಜಕಾರಣ: ಲಂಬಾಣಿ ಅಧ್ಯಯನ ಸಾಗಿಬಂದ ದಾರಿ

ವಿಜಯಪುರದಲ್ಲಿ ಸರ್ಕಾರಿ ಮೆರವಣಿಗೆ ಎಂದರೆ ಲಂಬಾಣಿ ಹೆಣ್ಣುಮಕ್ಕಳ ಕುಣಿತ ಇರಲೇಬೇಕು. ಕನ್ನಡಿ ಹೊಲಿದ ಕಾಂಚಳಿ ರವಿಕೆ, ಫೇಟಿಯಾ ಲಂಗಗಳ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ವಿಶ್ವವಿದ್ಯಾಲಯಗಳಿಂದ ಹೊರಬರುವ ಪ್ರಬಂಧಗಳೂ ಈಚೆಗೆ ಹೆಚ್ಚಾಗಿ ಹಾಡು, ಹಬ್ಬ, ಕಸೂತಿಯ ಸುತ್ತಲೇ ಸುತ್ತುತ್ತವೆ. ದಖ್ಖನ್ನಿನ ಸಂತೆ, ಸೈನ್ಯಗಳಿಗೆ ಶತಮಾನಗಳ ಕಾಲ ಧಾನ್ಯ, ಉಪ್ಪು ಹೊತ್ತುತಂದ ಜನಕ್ಕೆ ಆರ್ಥಿಕ ಚರಿತ್ರೆ, ರಾಜಕೀಯ ಚರಿತ್ರೆ ಇದೆ ಎಂಬುದೇ ಮರೆತಂತಾಗಿದೆ.

ಮೊದಲು ಬರೆದವರು ಹೊರಗಿನವರು. 1632ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಕಂಡ ತಾಂಡಾದಲ್ಲಿ (ಆಗ ಅದು ಊರಲ್ಲ, ಸರಕು ಹೊತ್ತು ಸಾಗುವ ಗುಂಪು) 14,000 ಎತ್ತುಗಳಿದ್ದವು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ದಂಡು ಉಂಡದ್ದು ಇವರು ತಂದ ಧಾನ್ಯವನ್ನೇ. 1819ರಲ್ಲಿ ಜಾನ್ ಬ್ರಿಗ್ಸ್ ಬರೆದ ವೃತ್ತಾಂತ, 1909ರಲ್ಲಿ ಬಂದ ಥರ್ಸ್‌ಟನ್ನನ ಸಂಪುಟಗಳು, ಇವೆಲ್ಲ ಈಗಲೂ ಉಪಯುಕ್ತ. ಆದರೆ ಅವನ್ನು ಬರೆದವರು ದುಡಿಸಿಕೊಂಡ ಆಡಳಿತದ ಕಡೆಯವರು ಎಂಬುದನ್ನು ಓದುವಾಗ ಮರೆಯಬಾರದು. ಅದೇ ಆಡಳಿತದ ಪೊಲೀಸ್ ಕೈಪಿಡಿಗಳು ಮುಂದೆ ಇವರನ್ನೇ ಸಂಶಯದ ಪಟ್ಟಿಗೆ ಸೇರಿಸಿದವು.

1884ರಲ್ಲಿ ವಿಜಾಪುರದ (ಈಗಿನ ವಿಜಯಪುರ) ಗೆಜೆಟಿಯರ್ ಅಚ್ಚಾಯಿತು. ಹೋಟಗಿ–ಗದಗ ರೈಲು ಓಡತೊಡಗಿದ್ದೂ ಅದೇ ವರ್ಷ. ರೈಲು ಬಂತು, ಎತ್ತು ಹೋಯಿತು ಎಂಬ ಸರಳ ಕಥೆ ಬಹಳ ಕಾಲ ನಡೆಯಿತು. ವಿದ್ವಾಂಸ ರಾಬರ್ಟ್ ವರಾಡಿ 1979ರಲ್ಲಿ ಬಂಜಾರರನ್ನು (ಲಂಬಾಣಿಗರ ಇನ್ನೊಂದು ಹೆಸರು) ಸಾಗಣೆಯ ಕಸುಬಿನವರಾಗಿ ನೋಡಿದರು. ಭಂಗ್ಯಾ ಭುಕ್ಯಾ 2010ರಲ್ಲಿ ನಿಜಾಮ ಸಂಸ್ಥಾನದ ಲಂಬಾಡಾಗಳ ಬಗ್ಗೆ ಬರೆದು, ವ್ಯಾಪಾರ ಕಳೆದುಕೊಂಡ ಜನ ದನ ಸಾಕಲು ಹೋದರೆ ಅಲ್ಲಿ ಹುಲ್ಲುಗಾವಲಿನ ತೆರಿಗೆ, ಅರಣ್ಯದ ಬೇಲಿ ಅಡ್ಡ ಬಂದದ್ದನ್ನು ತೋರಿಸಿದರು. ವಿಜಾಪುರ ಸೀಮೆಯ ಬಗ್ಗೆ ಅಂಥ ಪುಸ್ತಕ ಬರಬೇಕು.

ಉತ್ತರ ಕರ್ನಾಟಕದ ಮಟ್ಟಿಗೆ ನಿಜವಾದ ತಿರುವು ಧಾರವಾಡದಿಂದ ಬಂತು. ಬಿ.ಜಿ. ಹಲಬರ್ ಅವರು ಲಮಾಣಿಗಳ ಆರ್ಥಿಕತೆ ಮತ್ತು ಸಮಾಜದ ಬದಲಾವಣೆ ಕುರಿತು 1986ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಅಡಿಪಾಯ. ಅದನ್ನು ದಾಟಿ ಬರೆದವರು ಕಡಿಮೆ, ಓದದೆ ಬರೆದವರು ಹೆಚ್ಚು. ಆ ತಲೆಮಾರಿನವರ ಬಲವೆಂದರೆ ತಾಂಡಾದಲ್ಲಿ ಕೂತು ಮಾತಾಡಿಸಿದ್ದು: ಹೊಲ ಯಾರ ಹೆಸರಿನಲ್ಲಿದೆ, ಸಾಲ ಯಾರದು, ಜಗಳ ಹರಿಯುವುದು ಯಾರ ಅಂಗಳದಲ್ಲಿ. ನಾಯಕ, ಕಾರಭಾರಿ, ಡಾವ್ ಕೂಡಿ ನಡೆಸುವ ನ್ಯಾಯಪಂಚಾಯ್ತಿಯನ್ನು ಅವರು ಆಚರಣೆಯೆಂದಲ್ಲ, ಆಡಳಿತವೆಂದು ಬರೆದುಕೊಂಡರು. ಕಾಲವೂ ಅವರಿಗೆ ಒದಗಿಬಂದಿತ್ತು. ಹಳೇ ಮೈಸೂರಿನ ಲಂಬಾಣಿಗರಿಗೆ ಮೊದಲೇ ಇದ್ದ ಪರಿಶಿಷ್ಟ ಜಾತಿಯ ಸ್ಥಾನ ಮುಂಬಯಿ ಕರ್ನಾಟಕದ ತಾಂಡಾಗಳಿಗೆ ಸಿಕ್ಕದ್ದು 1977ರಲ್ಲಿ. ಮುಂದೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂದು, ನಾಯಕನ ಮಾತಿನ ಪಕ್ಕದಲ್ಲಿ ಚುನಾಯಿತ ಮೆಂಬರ್ ಮಾತೂ ನಿಂತಿತು.

ಅಲ್ಲಿಂದೀಚೆಗೆ ರಾಜಕಾರಣದ ಸುದ್ದಿ ಬೇಕಾದಷ್ಟಿದೆ, ಅಧ್ಯಯನ ತೆಳುವಾಗಿದೆ. 2008ರಲ್ಲಿ ಜಿಲ್ಲೆಯ ನಾಗಠಾಣ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವಾಯಿತು; 2013ರಲ್ಲಿ ರಾಜು ಆಲಗೂರ, 2018ರಲ್ಲಿ ದೇವಾನಂದ ಚವ್ಹಾಣ ಅಲ್ಲಿಂದ ಗೆದ್ದರು. ಪರಿಶಿಷ್ಟ ಜಾತಿಗಳ ನಡುವಿನ ಒಳಮೀಸಲಾತಿಯ ವಿಚಾರದಲ್ಲಿ 2023ರ ಮಾರ್ಚ್‌ನಲ್ಲಿ ಶಿಕಾರಿಪುರದಲ್ಲಿ ಬಂಜಾರರ ಸಿಟ್ಟು ಸ್ಫೋಟಿಸಿತು. 2025ರ ಆಗಸ್ಟ್‌ನಲ್ಲಿ ಸರ್ಕಾರ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಹಂಚಿ, ಬಂಜಾರರನ್ನು ಭೋವಿ, ಕೊರಮ, ಕೊರಚ ಮತ್ತು ಅಲೆಮಾರಿ ಸಮುದಾಯಗಳ ಜೊತೆ ಶೇ 5ರ ಗುಂಪಿನಲ್ಲಿಟ್ಟಿತು. ಹೊಲವಿಲ್ಲದ ತಾಂಡಾಕ್ಕೂ ಎಂಜಿನಿಯರುಗಳಿರುವ ತಾಂಡಾಕ್ಕೂ ಇದರಿಂದ ಆಗುವುದು ಒಂದೇ ಅಲ್ಲ. ಆ ವ್ಯತ್ಯಾಸವನ್ನು ಅಳೆಯಲು ತಾಂಡಾವಾರು ಲೆಕ್ಕ ಬೇಕು.

ಹತ್ತಿರದಿಂದ ನೋಡಿದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಅರಕೇರಿ ಎಲ್.ಟಿ. (ಲಂಬಾಣಿ ತಾಂಡಾ) ಎಂಬಂತೆ, ಜಿಲ್ಲೆಯ ಎಷ್ಟೋ ತಾಂಡಾಗಳು ದಾಖಲೆಯಲ್ಲಿ ಪಕ್ಕದೂರಿನ ಬಾಲವಾಗಿ ಬದುಕಿವೆ. ಒಂದಕ್ಕಿಂತ ಹೆಚ್ಚಿದ್ದರೆ ನಂಬರ್ ಬೀಳುತ್ತದೆ. ದೀಪಾವಳಿಯ ಹೊತ್ತಿಗೆ ಕೂಲಿ ಗುತ್ತಿಗೆದಾರ ಮುಕಾದಮನ ಮುಂಗಡ ಹಿಡಿದ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಹೊರಡುತ್ತವೆ. ಅಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ, ಅಂದರೆ ಕೂಲಿಯ ಒಂದು ಘಟಕ. ಕೂಲಿ ಕೊಯ್ತಾದ ಲೆಕ್ಕದಲ್ಲೇ ಆಗುವುದರಿಂದ ಹೆಂಗಸಿನ ದುಡಿಮೆಗೆ ಬೇರೆ ಲೆಕ್ಕವೇ ಇರುವುದಿಲ್ಲ. ಇತ್ತ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡುತ್ತಾರೆ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಒಣಭೂಮಿಗೆ ಏರಿದೆ. ನೀರು ಬಂದ ಮೇಲೆ ಎಷ್ಟು ತಾಂಡಾಗಳ ಗುಳೆ ನಿಂತಿತು, ದ್ರಾಕ್ಷಿ ತೋಟದ ಕೂಲಿ ಯಾರ ಪಾಲಾಯಿತು ಎಂದು ಕೇಳಬೇಕಾದ ಸಮಯ ಇದು.

ಇಂಥ ಚರಿತ್ರೆ ಹೇಗಿರಬಹುದು ಎಂಬುದಕ್ಕೆ ಹೊರಗಿನ ಒಂದು ಮಾದರಿಯಿದೆ. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರನ್ನು 1830ರ ಒಪ್ಪಂದದ ಮೂಲಕ ಮಿಸಿಸಿಪ್ಪಿಯ ನೆಲದಿಂದ ಈಗಿನ ಒಕ್ಲಹೋಮಾಕ್ಕೆ ಸಾಗಿಸಲಾಯಿತು. 1934ರಲ್ಲಿ ಇತಿಹಾಸಕಾರ್ತಿ ಏಂಜಿ ಡೆಬೊ ಈ ಜನರ ಚರಿತ್ರೆ ಬರೆದಾಗ ಕಾನೂನು, ಶಾಲೆ, ಜಮೀನು, ಸರ್ಕಾರವೇ ಪುಸ್ತಕದ ತಿರುಳಾಯಿತು. ಚಾಕ್ಟಾಗಳಿಗೊಂದು ಸರ್ಕಾರವಿತ್ತು, ಅದರ ಕಾಗದಗಳಿದ್ದವು. ತಾಂಡಾಕ್ಕೆ ಅಂಥ ದಫ್ತರವಿಲ್ಲ, ನಿಜ. ಆದರೆ ವಿದ್ವತ್ತಿಗೆ ವಿಜಯಪುರದಲ್ಲಿ ಬರವಿಲ್ಲ. ಹಳಕಟ್ಟಿ ಸಂಶೋಧನ ಕೇಂದ್ರ ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತಂದ ಊರು ಇದು. ಸುಲ್ತಾನರ ದರಬಾರಿಗೆ ಸಿಕ್ಕ ಆ ಶ್ರಮ, ದಂಡಿಗೆ ಕಾಳು ಹೊತ್ತವರಿಗೂ ಸಿಗಬೇಕು.

ದಾಖಲೆಗಳೂ ಈಗ ಹುಟ್ಟುತ್ತಿವೆ. ವಿಜಯಪುರವೂ ಸೇರಿ ಐದು ಜಿಲ್ಲೆಗಳ ದಾಖಲೆರಹಿತ ತಾಂಡಾ, ವಸತಿಗಳು ಕಂದಾಯ ಗ್ರಾಮಗಳಾಗಿ, 2023ರ ಜನವರಿ 19ರಂದು ಮಳಖೇಡದಲ್ಲಿ ಹಕ್ಕುಪತ್ರ ವಿತರಣೆ ನಡೆಯಿತು. ಆ ಪತ್ರಗಳ ಹಿಂದಿನ ಸರ್ವೆ, ತಕರಾರು ಅರ್ಜಿಗಳು ತಾಲ್ಲೂಕು ಕಚೇರಿಗಳಲ್ಲಿವೆ; ಕಡತ ವಿಲೇವಾರಿಯಾಗುವ ಮೊದಲು ಓದಬೇಕು. ಹೋಲಿಸಿ ನೋಡಲೂ ದಾರಿಯಿದೆ: ತಿಕೋಟಾದ ಆಚೆ, ಗಡಿ ದಾಟಿದರೆ ಮಹಾರಾಷ್ಟ್ರದ ಜತ್ತ. ಈಚೆಯ ಲಂಬಾಣಿಗರು ಪರಿಶಿಷ್ಟ ಜಾತಿ, ಆಚೆಯವರು ವಿಮುಕ್ತ ಜಾತಿ, ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಭಾಷೆ ಒಂದೇ, ಗೋತ್ರ ಒಂದೇ. ತಿಕೋಟಾ ಮತ್ತು ಜತ್ತದ ಎರಡು ತಾಂಡಾಗಳನ್ನು ಆರಿಸಿ, 1977ರಿಂದ ಈಚೆಗೆ ಶಾಲೆ, ನೌಕರಿ, ಹೊಲ, ಗುಳೆ ಹೇಗೆ ಬೇರೆ ದಾರಿ ಹಿಡಿದವು ಎಂದು ನೋಡುವ ಕೆಲಸಕ್ಕೆ ಲಂಬಾಣಿಗರ ಗೋರಬೋಲಿ, ಕನ್ನಡ, ಮರಾಠಿ ಮೂರೂ ಬಲ್ಲವರು ಬೇಕು. ಅಂಥ ಹುಡುಗ ಹುಡುಗಿಯರು ವಿಜಯಪುರದ ಕಾಲೇಜುಗಳಲ್ಲೇ ಓದುತ್ತಿದ್ದಾರೆ.