ವಿಂಡೋಸ್‌ನಿಂದ ಲಿನಕ್ಸ್‌ಗೆ: ಒಂದು ಕಿರು ಇತಿಹಾಸ

ಕಂಪ್ಯೂಟರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ವಿಂಡೋಸ್. ರಾಜಾಜಿನಗರ, ವಿಜಯನಗರ, ಕೆಂಗೇರಿಯ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೂ ಅದೇ ಪರಿಚಿತ. ಆದರೆ ಅದು ಹಣ ತೆತ್ತು ಪಡೆಯಬೇಕಾದ ತಂತ್ರಾಂಶ. ಹಣವಿಲ್ಲದವರು ನಕಲು ಪ್ರತಿಯ ಮೊರೆ ಹೋಗುತ್ತಿದ್ದರು. ಪ್ರಾಮಾಣಿಕವಾದ ಇನ್ನೊಂದು ದಾರಿಯೂ ಇತ್ತು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಅದರ ಗುರಿ. 1991ರಲ್ಲಿ ಫಿನ್ಲೆಂಡಿನ 21ರ ಹರೆಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ರಚಿಸಿದರು. ಆದರೆ ಆರಂಭದ ಲಿನಕ್ಸ್ ಬಲ್ಲವರ ಸೊತ್ತಾಗಿತ್ತು. ಆದೇಶಗಳನ್ನು ಬಾಯಿಪಾಠ ಮಾಡಬೇಕಿತ್ತು. 2004ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಅವರ ಉಬುಂಟು ಬಂದಿತು. ಕೇಳಿದವರ ಮನೆಗೆ 2011ರವರೆಗೆ ಅದರ ಸಿಡಿಗಳು ಉಚಿತವಾಗಿ ಅಂಚೆಯಲ್ಲಿ ಬರುತ್ತಿದ್ದವು. 2006ರಲ್ಲಿ ಬಂದ ಲಿನಕ್ಸ್ ಮಿಂಟ್ ಇನ್ನೂ ಸರಳ. ಕೆಳಗೆ ಎಡಮೂಲೆಯಲ್ಲಿ ಮೆನು ಇರುವುದರಿಂದ ವಿಂಡೋಸ್ ಬಲ್ಲವನಿಗೆ ಅದು ಅಪರಿಚಿತವೆನಿಸುವುದಿಲ್ಲ.

ಕನ್ನಡಿಗರಿಗೆ ಬೇರೊಂದು ತೊಡಕಿತ್ತು. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಕಡತವನ್ನು ಲಿನಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಕಲಸುಮೇಲೋಗರವಾಗುತ್ತಿದ್ದವು. ಯೂನಿಕೋಡ್ ಬಳಕೆ ಬೆಳೆದಂತೆ ಈ ಅಡ್ಡಿ ಕ್ರಮೇಣ ನೀಗಿತು.

ಇಷ್ಟಾದರೂ ಜನ ಏಕೆ ಹಿಂಜರಿದರು? ಇದಕ್ಕೆ ಉತ್ತರ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿದೆ. ಕೇರಳ ಸರಕಾರವು 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿದಾಗ ಅಲ್ಲಿಯೂ ವಿಂಡೋಸೇ ಇತ್ತು. ಶಿಕ್ಷಕರಿಂದಲೇ ಆಕ್ಷೇಪ ಬಂದು, ಶಾಲೆಗಳು ಹಂತಹಂತವಾಗಿ ಲಿನಕ್ಸ್‌ಗೆ ಹೊರಳಿದವು. ಮೊದಲು ಶಿಕ್ಷಕರಿಗೆ ತರಬೇತಿ ದೊರೆಯಿತು. ಪಠ್ಯ, ಪರೀಕ್ಷೆಗಳೂ ಅದಕ್ಕೆ ಹೊಂದಿಕೊಂಡವು. 2017ರಲ್ಲಿ ಯೋಜನೆಯು ಕೈಟ್ ಎಂಬ ಸಂಸ್ಥೆಯಾಯಿತು. ಇಂದು ಅಲ್ಲಿನ ಕನ್ನಡದ ಮಕ್ಕಳು ಕನ್ನಡದ ಐಟಿ ಪಠ್ಯಪುಸ್ತಕ ಹಿಡಿದು, ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ ಕಲಿಯುತ್ತಾರೆ. ಅವರಿಗೆ ಅದು ಬದಲಾವಣೆಯಲ್ಲ, ಮೊದಲ ಪಾಠ. ತಂತ್ರಾಂಶ ಸುಲಭವಾದರೆ ಸಾಲದು. ಹೇಳಿಕೊಡುವ ಗುರು ಬೇಕು, ತಿಳಿಯುವ ಭಾಷೆಯ ಪುಸ್ತಕ ಬೇಕು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಅನೇಕ ಕಂಪ್ಯೂಟರ್‌ಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. 4 ಜಿಬಿ ಮೆಮೊರಿಯಿದ್ದರೆ ಮಿಂಟ್ ಅವುಗಳಲ್ಲಿ ನಡೆಯಬಲ್ಲದು. ಗುಜರಿಗೆ ಹಾಕುವ ಮುನ್ನ ನಮ್ಮ ಬಡಾವಣೆಯ ಶಾಲೆಗಳು ಒಂದು ಕಂಪ್ಯೂಟರ್‌ನಲ್ಲಾದರೂ ಇದನ್ನು ಪರೀಕ್ಷಿಸಲಿ. ಅದಕ್ಕೂ ಮೊದಲು ಒಬ್ಬ ಶಿಕ್ಷಕರನ್ನು ತಯಾರು ಮಾಡಲಿ.